ಬುಷ್ಷಿನಲ್ಲಿ ಎಣ್ಣೆಗೀರು ಎಲ್ಲಿರಬೇಕು?



ಎತ್ತಿನ ಗಾಡಿ ಕಟ್ಟುತ್ತಿದ್ದ ಕಾಲದಲ್ಲಿ ಕೀಲೆಣ್ಣೆಯ ವಿಷಯವಾಗಿ ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಚಕ್ರ ಕಿರುಗುಟ್ಟಿದರೆ ಕಳಚಿ ಎಣ್ಣೆ ಹಾಕುತ್ತಿದ್ದೆವು, ಅಷ್ಟೆ. ಈಗ ತೋಟದ ಡೀಸೆಲ್ ಇಂಜಿನ್ನಿನಲ್ಲಿಯೂ ಹಳೆಯ ಪಲ್ಪರಿನಲ್ಲಿಯೂ ಇರುವುದು ಅದೇ ಏರ್ಪಾಡು: ಉರುಟಾದ ಶಾಫ್ಟು, ಅದನ್ನು ಸುತ್ತಿ ಹಿಡಿದ ಬುಷ್, ಎರಡರ ನಡುವೆ ಎಣ್ಣೆ. ಆದರೆ ಗಾಡಿಯ ಲೆಕ್ಕ ಇಂಜಿನ್ನಿಗೆ ನಡೆಯುವುದಿಲ್ಲ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ.

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಚ್ ಮೊದಲ ವಾರ. ರೊಬಸ್ಟಾ ಮೊಗ್ಗು ಬಲಿತು ನಿಂತಿತ್ತು, ಹೂಮಳೆಯ ಸುಳಿವಿರಲಿಲ್ಲ. ಸ್ಪ್ರಿಂಕ್ಲರ್ ಹಾಕುವ ಮುಂಚೆ ಇಂಜಿನ್ನಿನ ಬಿಗ್ ಎಂಡ್ ಬೇರಿಂಗನ್ನು ಹೊಸದಾಗಿ ಕೂರಿಸಿದ್ದೆ. ಮೆಕ್ಯಾನಿಕ್ ಒಳ್ಳೆಯ ಕೆಲಸಗಾರನೇ. "ಗೌಡ್ರೇ, ಎಣ್ಣೆ ಚೆನ್ನಾಗಿ ಆಡ್ಲಿ ಅಂತ ಮೇಲಿನ ಹೋಳಿಗೂ ಅಡ್ಡಡ್ಡ ಗೀರು ಹಾಕಿದೀನಿ" ಎಂದ. ನನಗೂ ಸಂತೋಷವೇ ಆಯಿತು. ಮೂರನೆಯ ದಿನ ಇಂಜಿನ್ ಬಡಿಯತೊಡಗಿತು. ಓಡಿಹೋಗಿ ನಿಲ್ಲಿಸುವಷ್ಟರಲ್ಲಿ ಕಚ್ಚಿಕೊಂಡಿತು. ತೋಟದ ಅರ್ಧ ಭಾಗಕ್ಕೆ ಸರಿಯಾಗಿ ನೀರು ಬಿದ್ದಿತ್ತು, ಒಂದು ಪಟ್ಟಿಗೆ ಅರೆಬರೆ, ಉಳಿದದ್ದಕ್ಕೆ ಏನೂ ಇಲ್ಲ. ಅರೆಬರೆ ನೆನೆದ ಕಡೆ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಅರಳದೇ ಉಳಿಯಿತು. ಅದರ ಅರ್ಥವೇನೆಂದು ಕಾಫಿ ಬೆಳೆಯುವವರಿಗೆ ಹೇಳಬೇಕಾಗಿಲ್ಲ.

ತಪ್ಪು ಇದ್ದದ್ದು ಆ ಗೀರುಗಳಲ್ಲಿ. ಎಣ್ಣೆ ಹೆಚ್ಚು ಹೋಗಲೆಂದು ಮಾಡಿದ ದಾರಿಯಿಂದಲೇ ಎಣ್ಣೆ ಸೋರಿಹೋಯಿತು. ಇದು ಹೇಗೆಂದು ತಿಳಿಯಲು ಇಂಗ್ಲೆಂಡಿನಲ್ಲಿ ನಡೆದ ಒಂದು ಹಳೆಯ ಪ್ರಯೋಗವನ್ನು ನೋಡೋಣ.

1883ರ ಸುಮಾರಿಗೆ ಬೋಷಾಂಪ್ ಟವರ್ ಎಂಬ ಇಂಜಿನಿಯರರು ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗಾಗಿ ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದರು. ಅಂಥ ಬೇರಿಂಗಿನಲ್ಲಿ ಹಿತ್ತಾಳೆಯ ಅರ್ಧ ಹೋಳು ಅಚ್ಚಿನ ಮೇಲೆ ಕುಳಿತಿರುತ್ತದೆ, ಡಬ್ಬಿಯ ಭಾರವೆಲ್ಲ ಅದರ ಮೇಲೆ. ಎಣ್ಣೆ ಬಿಡುವುದಕ್ಕೆಂದು ಟವರ್ ಹೋಳಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗತೊಡಗಿದೊಡನೆ ಕೆಳಗಿನ ತೊಟ್ಟಿಯಿಂದ ಹಿಡಿದ ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿ ಬಂತು. ಬಿರಡೆ ಹಾಕಿದರು, ಹಾರಿಹೋಯಿತು. ಮರದ ಗೂಟ ಬಡಿದರು, ಅದನ್ನೂ ಎಣ್ಣೆ ಹೊರಕ್ಕೆ ತಳ್ಳಿತು. ಕೊನೆಗೆ ಒತ್ತಡದ ಮೀಟರ್ ಜೋಡಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡು ದಾಟಿತು. ಹೋಳಿನ ಮೇಲೆ ಅವರು ಹೇರಿದ್ದ ಭಾರವನ್ನು ಸರಾಸರಿ ಹಂಚಿದರೆ ಬರುತ್ತಿದ್ದದ್ದು ಸುಮಾರು 100 ಪೌಂಡು ಮಾತ್ರ. ಅಂದರೆ ಹಿತ್ತಾಳೆ ಅಚ್ಚಿನ ಮೇಲೆ ಕುಳಿತಿರಲೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತಿತ್ತು. ಏಕೆ ಹೀಗಾಗುತ್ತದೆ ಎಂಬುದನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಿಂದ ತೋರಿಸಿಕೊಟ್ಟರು.

ಆ ಗಣಿತ ನಮಗೆ ಬೇಡ. ಕೆಸರುಗದ್ದೆಯಲ್ಲಿ ಹಲಗೆ ಹೊಡೆದವರಿಗೆ ವಿಷಯ ಗೊತ್ತು. ಎತ್ತು ನಿಂತಾಗ ಹಲಗೆ ಕೆಸರಿನಲ್ಲಿ ಕೂರುತ್ತದೆ. ಎತ್ತು ನಡೆದಾಗ ಮುಂದಿನ ಅಂಚು ತುಸು ಎದ್ದು, ಅಡಿಗೆ ನೀರು ನುಗ್ಗಿ, ಮೇಲೆ ನಿಂತ ಆಳಿನ ಸಹಿತ ಹಲಗೆ ಜಾರಿಕೊಂಡು ಹೋಗುತ್ತದೆ. ಶಾಫ್ಟಿನದೂ ಇದೇ ಕಥೆ. ನಿಂತ ಶಾಫ್ಟು ಬುಷ್ಷಿಗೆ ಒತ್ತಿ ಕುಳಿತಿರುತ್ತದೆ. ತಿರುಗಿದಾಗ ತನ್ನ ಮೈಗಂಟಿದ ಎಣ್ಣೆಯನ್ನು ಅಗಲವಾದ ಸಂದಿನಿಂದ ಕಿರಿದಾದ ಸಂದಿಗೆ ಎಳೆದು ತುರುಕುತ್ತದೆ. ತುರುಕಿದ ಎಣ್ಣೆ ಬೆಣೆಯಂತೆ ಶಾಫ್ಟನ್ನು ಎತ್ತುತ್ತದೆ. ಆ ಪದರ ಕೂದಲೆಳೆಯ ಹತ್ತನೆಯ ಒಂದು ಪಾಲಿಗಿಂತಲೂ ತೆಳು. ಅಷ್ಟಿದ್ದರೂ ಲೋಹಕ್ಕೆ ಲೋಹ ಮುಟ್ಟುವುದಿಲ್ಲ.

ಈಗ ನನ್ನ ಬೇರಿಂಗಿಗೆ ಬನ್ನಿ. ಡೀಸೆಲ್ ಹೊತ್ತಿ ಪಿಸ್ಟನ್ನನ್ನು ಒತ್ತುವಾಗ ಆ ಪೆಟ್ಟು ಬೀಳುವುದು ಬಿಗ್ ಎಂಡಿನ ಮೇಲಿನ ಹೋಳಿಗೆ. ಎಣ್ಣೆಯ ಒತ್ತಡ ಅಲ್ಲಿಯೇ ನಿಲ್ಲಬೇಕು. ಅಲ್ಲಿ ಗೀರು ಕೊರೆದದ್ದೆಂದರೆ ಕೆರೆಯ ಏರಿಯ ನಡುವೆ ಬಸಿಗಾಲುವೆ ತೋಡಿದಂತೆ. ಲೆಕ್ಕ ಬೇಕಾದವರಿಗೆ ಹೇಳುತ್ತೇನೆ: ಅಗಲ ಕಡಿಮೆಯಿರುವ ಬುಷ್ಷಿನಲ್ಲಿ ಭಾರ ಹೊರುವ ಶಕ್ತಿ ಅಗಲದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಗಲ ಅರ್ಧವಾದರೆ ಶಕ್ತಿ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಪಾಲಾಗುತ್ತದೆ. ಭಾರ ಬೀಳುವ ಜಾಗದ ನಡುವೆ ಸುತ್ತಲೂ ಒಂದು ಗೀರು ಹಾಕಿದರೆ ಒಂದು ಬುಷ್ ಎರಡು ಅರ್ಧ ಬುಷ್ ಆಯಿತು. ಎರಡೂ ಸೇರಿ ಮೊದಲಿನ ಕಾಲು ಪಾಲು ಹೊರುತ್ತವೆ. ಕಾರ್ಖಾನೆಯಿಂದಲೇ ಗೀರು ಬಂದಿದ್ದರೆ ಅದು ಬೇರೆ ಮಾತು. ಅದಕ್ಕೆ ತಕ್ಕ ಅಗಲವನ್ನು ಅವರು ಮೊದಲೇ ಕೊಟ್ಟಿರುತ್ತಾರೆ. ನಾವು ಸೇರಿಸುವ ಗೀರು ಮಾತ್ರ ಅಪಾಯ.

ಭಾರ ಯಾವ ಕಡೆ?

ಎಣ್ಣೆಯ ತೂತಾಗಲಿ ಗೀರಾಗಲಿ ಭಾರವಿಲ್ಲದ ಕಡೆ, ಅಂದರೆ ಸಂದು ಅಗಲವಾಗಿರುವ ಕಡೆ ಇರತಕ್ಕದ್ದು. ಉದ್ದಕ್ಕೆ ಹಾಕುವ ಗೀರು ಬುಷ್ಷಿನ ಅಂಚಿನವರೆಗೆ ಹೋಗಬಾರದು, ಹೋದರೆ ಎಣ್ಣೆ ಬದಿಯಿಂದ ಹರಿದುಹೋಗುತ್ತದೆ. ಗೀರಿನ ಬಾಯಿ ಚೂಪಾಗಿದ್ದರೆ ಅದು ಕತ್ತಿಯಂತೆ ಶಾಫ್ಟಿನ ಎಣ್ಣೆಯನ್ನು ಕೆರೆಯುತ್ತದೆ; ಅಂಚನ್ನು ಮುರಿದು ನಯಮಾಡಿಸಬೇಕು.

ಭಾರ ಯಾವಾಗಲೂ ಕೆಳಗಡೆಯೇ ಎಂದು ತಿಳಿಯಬೇಡಿ. ಬೆಲ್ಟಿನಿಂದ ನಡೆಯುವ ಪಲ್ಪರಿನಲ್ಲಿ ಬೆಲ್ಟು ಎಳೆಯುವ ದಿಕ್ಕಿಗೆ ಶಾಫ್ಟು ವಾಲುತ್ತದೆ. ಬೆಲ್ಟು ಮೇಲಿನಿಂದ ಬಂದಿದ್ದರೆ ಸವೆಯುವುದು ಬುಷ್ಷಿನ ಮೇಲ್ಭಾಗ, ಗ್ರೀಸ್ ಕಪ್ಪಿನ ತೂತೂ ಬಹಳ ಕಡೆ ಅಲ್ಲಿಯೇ ಇರುತ್ತದೆ! ಹಳೆಯ ಬುಷ್ ಬಿಚ್ಚಿದಾಗ ಯಾವ ಕಡೆ ಹೊಳಪೇರಿ ಸವೆದಿದೆಯೆಂದು ನೋಡಿ. ಅದೇ ಭಾರದ ಕಡೆ, ಅದರ ಎದುರಿಗೆ ತೂತು. ಪಲ್ಪರ್ ನಿಧಾನವಾಗಿ ತಿರುಗುವುದರಿಂದ ಅಲ್ಲಿ ಎಣ್ಣೆಯ ಬೆಣೆ ಚೆನ್ನಾಗಿ ಏಳುವುದಿಲ್ಲ, ಗ್ರೀಸೇ ಸರಿ. ನೀರು ಮತ್ತು ಹಣ್ಣಿನ ಲೋಳೆ ಒಳಗೆ ನುಗ್ಗದಂತೆ ತಡೆಯುವ ಕೆಲಸವನ್ನೂ ಅದು ಮಾಡುತ್ತದೆ.

ಇನ್ನು ಬುಷ್ಷಿನ ಮೈ. ವೈಟ್ ಮೆಟಲ್ ಮುಖ್ಯವಾಗಿ ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರ ಬೆರೆತದ್ದು. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವರು 1839ರಲ್ಲಿ ಇಂಥ ಬೇರಿಂಗಿಗೆ ಪೇಟೆಂಟ್ ಪಡೆದರು. ಇದು ಬೇಕೆಂದೇ ಮೆದು: ಎಣ್ಣೆಯಲ್ಲಿ ಬಂದ ಮರಳುಕಣ ಇದರಲ್ಲಿ ಹೂತುಹೋಗಿ ಶಾಫ್ಟು ಉಳಿಯುತ್ತದೆ. ಆದ ಕಾರಣ ವೈಟ್ ಮೆಟಲ್ಲಿಗೆ ಎಮರಿ ಕಾಗದ ಹಾಕಿ ಉಜ್ಜಲೇಬಾರದು. ಎಮರಿಯ ಪುಡಿ ಅಲ್ಲಿಯೇ ಕೂತು ಶಾಫ್ಟನ್ನು ಅರದಂತೆ ತಿನ್ನುತ್ತದೆ. ಕೆರೆಯುವ ಉಳಿಯಿಂದ ಕೆರೆದು ಕೂರಿಸುವುದೇ ಕ್ರಮ. ಹೊಳಪು ಬರಬೇಕಾದದ್ದು ಶಾಫ್ಟಿಗೆ. ಎಣ್ಣೆಯ ಪದರಕ್ಕಿಂತ ಶಾಫ್ಟಿನ ಉಬ್ಬುತಗ್ಗು ದೊಡ್ಡದಾದರೆ ಎಷ್ಟು ಒಳ್ಳೆಯ ಎಣ್ಣೆಯೂ ಅದನ್ನು ಮುಚ್ಚಲಾರದು. ಈಚಿನ ವರ್ಷಗಳಲ್ಲಿ ಲೇಸರಿನಿಂದ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಮಾಡಿ ಎಣ್ಣೆ ಹಿಡಿದಿಡುವ ಪ್ರಯೋಗಗಳು ನಡೆದಿವೆ. ಕುಳಿ ಸರಿಯಾದ ಜಾಗದಲ್ಲಿದ್ದರೆ ಉಪಯೋಗ, ತಪ್ಪಿದರೆ ತೊಂದರೆ ಎಂಬುದೇ ಅಲ್ಲಿಯೂ ಕಂಡುಬಂದ ಸಂಗತಿ. ನಮ್ಮೂರ ವರ್ಕ್‌ಶಾಪಿಗೆ ಅದು ಬರುವ ಮಾತಲ್ಲ.

ಸಂದು ಎಷ್ಟಿರಬೇಕು? ಶಾಫ್ಟಿನ ವ್ಯಾಸದ ಸಾವಿರದ ಒಂದು ಪಾಲು ಎಂಬುದು ರೂಢಿಯ ಅಂದಾಜು; 50 ಮಿ.ಮೀ. ಶಾಫ್ಟಿಗೆ 0.05 ಮಿ.ಮೀ. ಇಂಜಿನ್ನಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಸವೆದು ಸಂದು ಇಮ್ಮಡಿಯಾದರೆ ಹೊರುವ ಶಕ್ತಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬಡಿತ ಕೇಳಿಸಿದ ಮೇಲೂ "ಈ ಸೀಸನ್ ಕಳೆಯಲಿ" ಎನ್ನುವವರು ಇದನ್ನು ನೆನಪಿಡಬೇಕು.

ಎಣ್ಣೆಯ ದಪ್ಪದ ಬಗ್ಗೆ ಒಂದೇ ಮಾತು. 40ನೇ ನಂಬರಿನ ಎಣ್ಣೆ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಇರುವ ದಪ್ಪ, 100 ಡಿಗ್ರಿಗೆ ಬಂದಾಗ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಆದ್ದರಿಂದ ಡಬ್ಬಿಯಲ್ಲಿ ಬೆರಳದ್ದಿ ನೋಡಿ ದಪ್ಪವಿದೆಯೆಂದು ನಂಬಬೇಡಿ. ತಯಾರಕರು ಹೇಳಿದ ನಂಬರನ್ನೇ ಹಾಕಿ.

ಸವೆತ ಹೆಚ್ಚಾಗಿ ಆಗುವುದು ಹೊರಡುವಾಗ ಮತ್ತು ನಿಲ್ಲುವಾಗ, ಏಕೆಂದರೆ ಆಗ ಬೆಣೆ ಎದ್ದಿರುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪಿದ್ದರೆ ಡೆಲಿವರಿ ವಾಲ್ವ್ ಮುಚ್ಚಿಯೇ ಇಂಜಿನ್ ಹೊರಡಿಸಿ; ಆಗ ಭಾರ ಕಡಿಮೆ. ಒಂದೆರಡು ನಿಮಿಷದ ನಂತರ ನಿಧಾನವಾಗಿ ತೆರೆಯಿರಿ. ಬಹಳ ಹೊತ್ತು ಮುಚ್ಚಿಟ್ಟರೆ ಪಂಪಿನೊಳಗಿನ ನೀರು ಕಾಯುತ್ತದೆ, ಅದೂ ಬೇಡ.

ನನ್ನ ಇಂಜಿನ್ನಿಗೆ ಹೊಸ ಹೋಳುಗಳು ಬಂದವು, ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡ್ ಮಾಡಿಸಬೇಕಾಯಿತು. ಅದೇ ಮೆಕ್ಯಾನಿಕ್ಕೇ ಕೂರಿಸಿದ. ಈ ಸಲ ಮೇಲಿನ ಹೋಳನ್ನು ಮುಟ್ಟಲಿಲ್ಲ. ಭಾರ ಹಾಕುವ ಮೊದಲು ಅರ್ಧ ಗಂಟೆ ಖಾಲಿ ಓಡಿಸಿ, ಬಿಚ್ಚಿ, ಇಬ್ಬರೂ ಬೆಳಕಿಗೆ ಹಿಡಿದು ನೋಡಿದೆವು.