ಕೊಳವೆ ಬಾವಿಯ ನೀರೂ ಹಲ್ಲಿನ ಕಲೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳು ವಿಜಯಪುರ ಜಿಲ್ಲೆಯ ಮಳೆ ಕಡಿಮೆಯಾದ ಸೀಮೆಗೆ ಸೇರಿದವು. ತೆರೆದ ಬಾವಿ ಬತ್ತಿದಂತೆ ಜನ ಆಳವಾದ ಕೊಳವೆ ಬಾವಿಗಳನ್ನು ಆಶ್ರಯಿಸಿದರು. ಅಂಥ ನೀರಿನಲ್ಲಿ ಕೆಲವೆಡೆ ಫ್ಲೋರೈಡು ಮಿತಿಮೀರಿರುತ್ತದೆ. ಮಿತಿಯಾದರೂ ಎಷ್ಟು? ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಮ್. ಬೇರೆ ನೀರೇ ಇಲ್ಲದಿದ್ದರೆ 1.5.

ಎಳೆಯ ವಯಸ್ಸಿನಲ್ಲಿ ಈ ಮಿತಿ ಮೀರಿದರೆ ಮೂಡುತ್ತಿರುವ ಹಲ್ಲುಗಳ ಮೇಲೆ ಬಿಳಿಯ, ಕಂದು ಬಣ್ಣದ ಕಲೆಗಳು ನಿಲ್ಲುತ್ತವೆ. ಇನ್ನೂ ಹೆಚ್ಚಿನ ಪ್ರಮಾಣವನ್ನು ಬಹುಕಾಲ ಸೇವಿಸಿದವರಿಗೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಭಾರತದಲ್ಲಿ ಈ ಮೂಳೆರೋಗವನ್ನು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಿದರು. ಕೆಟ್ಟ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಆದುದರಿಂದ ರೋಗಿಯನ್ನು ಪರೀಕ್ಷಿಸುವುದಕ್ಕೆ ಮೊದಲೇ ನೀರನ್ನು ಪರೀಕ್ಷಿಸಬೇಕು. ವಿಜಯಪುರದ ಬಿ.ಎಲ್.ಡಿ.ಇ. ವಿಶ್ವವಿದ್ಯಾಲಯದ ಸಂಶೋಧಕರ ತಂಡ ಈ ಕೆಲಸಕ್ಕೆ ಕೈಹಾಕಿ, ಇಂಡಿ ತಾಲ್ಲೂಕಿನ ಅಂತರ್ಜಲದ ಫ್ಲೋರೈಡು ಹಾಗೂ ಅದರ ಆರೋಗ್ಯ ಪರಿಣಾಮಗಳ ಕುರಿತ ಅಧ್ಯಯನವನ್ನು 2017ರಲ್ಲಿ ಪ್ರಕಟಿಸಿತು.

ಒಂದು ಬಾವಿಯನ್ನು ಅಳೆದು ಊರಿಗೆಲ್ಲ ಅದೇ ಲೆಕ್ಕ ಹಿಡಿಯಬಾರದೆ? ಹಿಡಿಯಬಾರದು. ನೀರಿನಲ್ಲಿ ಕ್ಯಾಲ್ಸಿಯಮ್ ಹೇರಳವಾಗಿದ್ದರೆ ಫ್ಲೋರೈಡು ಅದರೊಡನೆ ಕೂಡಿ ಸುಲಭವಾಗಿ ಕರಗದ ಲವಣವಾಗಿ ಕೆಳಗಿಳಿಯುತ್ತದೆ. ಜೇಡಿಮಣ್ಣು ಕ್ಯಾಲ್ಸಿಯಮನ್ನು ಹಿಡಿದು ಸೋಡಿಯಮನ್ನು ಬಿಟ್ಟುಕೊಟ್ಟಲ್ಲಿ ಫ್ಲೋರೈಡು ನೀರಿನಲ್ಲೇ ಉಳಿಯುತ್ತದೆ. ಹೀಗಾಗಿ ನಾವು ಹಳಿಯುವ ಗಡಸು ನೀರಿಗಿಂತ ನಾಲಗೆಗೆ ಹಿತವಾದ ಮೆದು ನೀರೇ ಹೆಚ್ಚು ಅಪಾಯಕರವಾಗಿರಬಹುದು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ.

ಇದನ್ನು ಕಂಡುಹಿಡಿಯಲು ಸಾಮಾನ್ಯವಾಗಿ ಬಳಸುವ ಉಪಕರಣವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದುದು. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬವರು ಲ್ಯಾಂಥನಮ್ ಫ್ಲೋರೈಡಿನ ಸ್ಫಟಿಕವನ್ನು ತುದಿಗಿಟ್ಟು ಒಂದು ವಿದ್ಯುದ್ವಾರವನ್ನು ರಚಿಸಿದರು. ಈ ಸ್ಫಟಿಕದೊಳಗೆ ಚಲಿಸುವುದು ಮುಖ್ಯವಾಗಿ ಫ್ಲೋರೈಡ್ ಅಯಾನುಗಳೇ. ಒಳಗಿನ ದ್ರಾವಣಕ್ಕೂ ಹೊರಗಿನ ನೀರಿಗೂ ಅವುಗಳ ಸಾಂದ್ರತೆಯಲ್ಲಿ ವ್ಯತ್ಯಾಸವಿದ್ದರೆ ಸ್ಫಟಿಕದ ಎರಡು ಮುಖಗಳ ನಡುವೆ ವಿದ್ಯುದ್ವಿಭವ ಉಂಟಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಂದ್ರತೆ ಹತ್ತು ಪಟ್ಟಾದಾಗ ಈ ವಿಭವ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಇಮ್ಮಡಿಯಾದರೆ ಸುಮಾರು 18. ಲಘುಗಣಕದ ಕೋಷ್ಟಕವಿದ್ದರೆ ವಾಚಕರೇ ತಾಳೆ ನೋಡಬಹುದು. ನೀರಿನಲ್ಲಿರುವ ಅಲ್ಯುಮಿನಿಯಮ್ ಫ್ಲೋರೈಡನ್ನು ಹಿಡಿದಿಟ್ಟು ಲೆಕ್ಕ ತಪ್ಪಿಸೀತೆಂದು, ಅದನ್ನು ಬಿಡಿಸುವ ದ್ರಾವಣವೊಂದನ್ನು ಮೊದಲೇ ಬೆರೆಸುತ್ತಾರೆ.

ನೀರನ್ನು ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪಟಿಕ ಮತ್ತು ಸುಣ್ಣದಿಂದ ಅದನ್ನು ತೆಗೆಯುವ ಕ್ರಮವನ್ನು ನಾಗಪುರದ ಸಂಶೋಧನಾಲಯವೂ, ಮೆಗ್ನೀಸಿಯಮ್ ಆಕ್ಸೈಡಿನಿಂದ ತೆಗೆಯುವ ಕ್ರಮವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ರೂಪಿಸಿವೆ. ಕೃಷ್ಣಾ ನದಿಯ ನೀರು ಮನೆಮನೆಗೆ ಬಂದರೆ ಅದೇ ಲೇಸೆಂದು ನನ್ನ ಎಣಿಕೆ. ಅಲ್ಲಿಯವರೆಗೆ ಶುದ್ಧೀಕರಣ ಘಟಕವನ್ನು ನೆಚ್ಚಿದ ಊರಿನವರು ಒಂದು ಸಂಗತಿಯನ್ನು ಗಮನಿಸಬೇಕು. ಪೊರೆಯಿಂದ ಸೋಸುವ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ಹೆಚ್ಚಾಗಿರುತ್ತದೆ. ಅದನ್ನು ದನಗಳ ತೊಟ್ಟಿಗೆ ಬಿಡಲಾಗದು. ಈ ರೋಗ ದನಗಳಿಗೂ ಉಂಟು.