ನಾಮಬಲವೂ ಮತಗಣನೆಯೂ

ಕಾಗೆಯೊಂದು ತಾಳೆಯ ಮರದ ಮೇಲೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣೊಂದು ಕಳಚಿ ಬಿದ್ದರೆ, ಕಾಗೆಯ ಭಾರದಿಂದಲೇ ಹಣ್ಣು ಉದುರಿತೆಂದು ನೋಡಿದವರಿಗೆ ತೋರುವುದು ಸಹಜ. ಇಂತಹ ಸಂಯೋಗವನ್ನು ನಮ್ಮ ಹಿರಿಯರು ‘ಕಾಕತಾಳೀಯ’ವೆಂದು ಕರೆದರು. ಕಾರ್ಯಕಾರಣ ಸಂಬಂಧವಾವುದು, ಕಾಕತಾಳೀಯವಾವುದು ಎಂದು ಬೇರ್ಪಡಿಸುವುದು ವಿಜ್ಞಾನದ ಮುಖ್ಯ ಕಾರ್ಯಗಳಲ್ಲೊಂದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಚುನಾವಣೆಗಳಿಂದ ಇದಕ್ಕೊಂದು ಒಳ್ಳೆಯ ಪಾಠ ದೊರೆಯುತ್ತದೆ.

ಆ ದೇಶದ ಅಧ್ಯಕ್ಷರಲ್ಲಿ ಜೇಮ್ಸ್ ಎಂಬ ಹೆಸರಿನವರು ಆರು ಮಂದಿ: ಮ್ಯಾಡಿಸನ್, ಮನ್ರೋ, ಪೋಲ್ಕ್, ಬುಕ್ಯಾನನ್, ಗಾರ್ಫೀಲ್ಡ್ ಮತ್ತು ಜಿಮ್ಮಿ ಎಂದೇ ಪ್ರಸಿದ್ಧರಾದ ಕಾರ್ಟರ್. ಇವರಲ್ಲಿ ಮೊದಲಿನ ಐವರು ಕ್ರಮವಾಗಿ 1808, 1816, 1844, 1856 ಮತ್ತು 1880ರಲ್ಲಿ ಪ್ರಧಾನ ಪಕ್ಷವೊಂದರ ಅಧಿಕೃತ ಅಭ್ಯರ್ಥಿಗಳಾಗಿ ಮೊದಲ ಬಾರಿಗೆ ನಿಂತರು, ಐವರೂ ಗೆದ್ದರು. ಪ್ರತಿಯೊಂದು ಸ್ಪರ್ಧೆಯನ್ನೂ ನಾಣ್ಯ ಚಿಮ್ಮುವಿಕೆಗೆ ಸಮಾನವೆಂದು ಎಣಿಸೋಣ. ಐದು ಬಾರಿಯೂ ಜಯ ದೊರೆಯುವ ಸಂಭಾವ್ಯತೆ 32ರಲ್ಲಿ 1 ಮಾತ್ರ. ಹೀಗಿರುವಲ್ಲಿ, ‘ಜೇಮ್ಸ್ ಎಂಬ ಹೆಸರಿಗೆ ಸೋಲಿಲ್ಲ’ ಎಂದು 1880ರಲ್ಲಿ ಯಾರಾದರೂ ಸಾರಿದ್ದರೆ ಅದನ್ನು ಅಲ್ಲಗಳೆಯುವುದು ಸುಲಭವಾಗುತ್ತಿರಲಿಲ್ಲ.

ಆದರೆ ಮರುಚುನಾವಣೆಯಲ್ಲಿಯೇ, 1884ರಲ್ಲಿ, ಜೇಮ್ಸ್ ಬ್ಲೇನ್ ಅವರು ಗ್ರೋವರ್ ಕ್ಲೀವ್‌ಲೆಂಡರಿಗೆ ಸೋತರು. 1920ರಲ್ಲಿ ಜೇಮ್ಸ್ ಕಾಕ್ಸ್ ಸೋತರು. ಕಾರ್ಟರ್ 1976ರಲ್ಲಿ ಗೆದ್ದು, 1980ರಲ್ಲಿ ರೇಗನ್ನರಿಂದ ಪರಾಭವಗೊಂಡರು. ಹಿಂದಿನ ಫಲಗಳನ್ನು ನೋಡಿ ಕಟ್ಟಿದ ನಿಯಮವು ಮುಂದಿನ ನಾಲ್ಕು ಸ್ಪರ್ಧೆಗಳಲ್ಲಿ ಮೂರು ಬಾರಿ ಸುಳ್ಳಾಯಿತು.

ಮೊದಲ ಐದು ಜಯಗಳಲ್ಲಿಯೂ ಒಂದು ಸೂಕ್ಷ್ಮವಿದೆ. ‘ಪ್ರಧಾನ ಪಕ್ಷ’ ಎಂಬ ವಿಶೇಷಣವನ್ನು ಕೈಬಿಟ್ಟರೆ ನಿಯಮವು ಮುರಿಯುತ್ತದೆ. ಪೋಲ್ಕ್ ಗೆದ್ದ 1844ರ ಚುನಾವಣೆಯಲ್ಲಿಯೇ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿ ಸೋತರು. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಫಲ ತಿಳಿದ ಬಳಿಕ ನಿರ್ಧರಿಸಿದರೆ, ಎಣಿಕೆಯು ನಾವು ಬಯಸಿದ ಕಡೆಗೆ ವಾಲುತ್ತದೆ. ವಿಲಿಯಂ ಎಂಬ ಹೆಸರನ್ನು ನೋಡಿರಿ. ವಿಲಿಯಂ ಬ್ರಯನ್ ಅವರು 1896, 1900 ಮತ್ತು 1908ರಲ್ಲಿ ಮೂರು ಬಾರಿ ಸೋತರು. ಆ ಹೆಸರು ಅಶುಭವೆನ್ನೋಣವೇ? ಮೊದಲೆರಡು ಬಾರಿ ಅವರನ್ನು ಸೋಲಿಸಿದವರು ವಿಲಿಯಂ ಮೆಕಿನ್ಲಿ. ಮೂರನೆಯ ಬಾರಿ, ವಿಲಿಯಂ ಟಾಫ್ಟ್!

ಇದಕ್ಕಿಂತಲೂ ಮುಖ್ಯವಾದ ಅಂಶ ಇನ್ನೊಂದುಂಟು. ಹೆಸರಿನ ಮೊದಲ ಅಕ್ಷರ, ಅಕ್ಷರಗಳ ಸಂಖ್ಯೆ, ಪ್ರಾಸ, ಹಿಂದಿನ ಅಧ್ಯಕ್ಷರ ಹೆಸರಿನೊಡನೆ ಸಾಮ್ಯ, ಹೀಗೆ ಹುಡುಕುತ್ತ ಹೋದರೆ ನೂರು ನಿಯಮಗಳನ್ನು ಕಲ್ಪಿಸುವುದು ಕಷ್ಟವಲ್ಲ. ಒಂದೊಂದೂ ಆಕಸ್ಮಿಕವಾಗಿ ಹೊಂದುವ ಸಂಭಾವ್ಯತೆ 32ರಲ್ಲಿ 1 ಇದ್ದು, ಅವು ಪರಸ್ಪರ ಸ್ವತಂತ್ರವಾಗಿವೆಯೆಂದು ಭಾವಿಸೋಣ. ಒಂದು ನಿಯಮವು ಹೊಂದದಿರುವ ಸಂಭಾವ್ಯತೆ 32ರಲ್ಲಿ 31. ಈ ಭಿನ್ನರಾಶಿಯನ್ನು ನೂರು ಬಾರಿ ತನ್ನಿಂದ ತಾನೇ ಗುಣಿಸಿದರೆ ಸುಮಾರು 0.04 ಬರುತ್ತದೆ. ಅಂದರೆ ನೂರರಲ್ಲಿ ಒಂದಾದರೂ ನಿಯಮವು ಹೊಂದಿಯೇ ತೀರುವ ಸಂಭಾವ್ಯತೆ ಶೇಕಡಾ 96ರಷ್ಟು! ಹೊಂದಿದ ಒಂದನ್ನು ಜನರು ಆಡಿಕೊಳ್ಳುತ್ತಾರೆ; ಹೊಂದದ ತೊಂಬತ್ತೊಂಬತ್ತನ್ನು ಮರೆಯುತ್ತಾರೆ.

ಭೌತವಿಜ್ಞಾನಿಗಳನ್ನೂ ಈ ಅಪಾಯ ಬಿಟ್ಟಿಲ್ಲ. ಜಿನೀವಾದ ಬಳಿಯ ಸೆರ್ನ್ ಸಂಸ್ಥೆಯ ಎರಡು ಪ್ರಯೋಗತಂಡಗಳು 2015ರ ಡಿಸೆಂಬರಿನಲ್ಲಿ, ಸುಮಾರು 750 ಗಿಗಾ ಎಲೆಕ್ಟ್ರಾನ್ ವೋಲ್ಟ್‌ಗಳ ಎಡೆಯಲ್ಲಿ ಫೋಟಾನ್ ಜೋಡಿಗಳು ನಿರೀಕ್ಷೆಗಿಂತ ಹೆಚ್ಚಾಗಿ ಕಂಡವೆಂದು ತಿಳಿಸಿದುವು. ಹೊಸ ಕಣವಿರಬಹುದೆಂದು ನೂರಾರು ಪ್ರಬಂಧಗಳು ಹೊರಟವು. ಆದರೆ ಇನ್ನೂ ಹೆಚ್ಚಿನ ಅಳತೆಗಳನ್ನು ಸೇರಿಸಿ 2016ರ ಆಗಸ್ಟಿನಲ್ಲಿ ಪ್ರಕಟಿಸಿದಾಗ ಆ ಆಧಿಕ್ಯವು ಅಳಿಸಿಹೋಯಿತು. ಬಹಳ ಕಡೆ ಹುಡುಕಿದಾಗ ಎಲ್ಲೋ ಒಂದೆಡೆ ಏರಿಳಿತ ಕಾಣುವುದು ಸ್ವಾಭಾವಿಕ. ಆದುದರಿಂದಲೇ ಹೊಸ ಅಳತೆಯ ಪರೀಕ್ಷೆ ಅನಿವಾರ್ಯ.

ಹಾಗಾದರೆ ಹೆಸರಿಗೂ ಚುನಾವಣಾ ಫಲಕ್ಕೂ ಎಂದೂ ಸಂಬಂಧವಿಲ್ಲವೇ? ಉಂಟು, ಆದರೆ ಅಲ್ಲಿ ಕಾರಣವನ್ನು ತೋರಿಸಬಹುದು. ಒಂದೇ ಹೆಸರಿನ ಹಲವರು ಕಣದಲ್ಲಿದ್ದರೆ ಮತದಾರನು ಗೊಂದಲಗೊಂಡು ತಾನು ಬಯಸದ ಹೆಸರಿನ ಮುಂದೆ ಗುಂಡಿ ಒತ್ತಬಹುದು. ಇದನ್ನು ತಪ್ಪಿಸಲೆಂದೇ ನಮ್ಮ ಚುನಾವಣಾ ಆಯೋಗವು 2015ರಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಗಳ ಭಾವಚಿತ್ರವನ್ನು ಮುದ್ರಿಸುವ ಏರ್ಪಾಡು ಮಾಡಿತು. ಕಾರಣ ತಿಳಿದಿದ್ದುದರಿಂದ ಪರಿಹಾರವೂ ಸಾಧ್ಯವಾಯಿತು.

ಹೆಸರಿಗೊಂದು ಅಕ್ಷರ ಸೇರಿಸಿದರೆ ಪರೀಕ್ಷೆಯಲ್ಲಿ ತೇರ್ಗಡೆ, ವ್ಯಾಪಾರದಲ್ಲಿ ಲಾಭ ಎಂದು ಹೇಳಿ ಹಣ ಪಡೆಯುವವರು ನಮ್ಮಲ್ಲಿಯೂ ಇದ್ದಾರೆ. ಅವರು ತಮ್ಮ ಸಲಹೆ ಫಲಿಸಿದವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಅಂತಹವರನ್ನು ವಾಚಕರು ಮೂರು ಪ್ರಶ್ನೆ ಕೇಳಬೇಕು: ಫಲಿಸದವರೆಷ್ಟು ಮಂದಿ? ನಿಯಮವನ್ನು ಹೇಳಿದ್ದು ಫಲಕ್ಕೆ ಮುಂಚೆಯೋ, ಅನಂತರವೋ? ಹೆಸರು ಯಾವ ಮಾರ್ಗದಿಂದ ಫಲವನ್ನು ಮುಟ್ಟಿತು? ಉತ್ತರ ದೊರೆಯುವ ತನಕ ಹಣದ ಚೀಲವನ್ನು ಬಿಚ್ಚದಿರುವುದು ಲೇಸು.