ಹಿರೀಸಾವೆ ದಾಟಿದ ಮೇಲೆ

ಪ್ರಶ್ನೆ: ಹೊಳೆನರಸೀಪುರದ ಹತ್ತಿರದ ಹಳ್ಳಿ ನಮ್ಮದು. ಮುಂದಿನ ತಿಂಗಳು ನಾದಿನಿ ಮದುವೆ, ತಮಿಳುನಾಡಿನ ಹೊಸೂರಿನ ಛತ್ರದಲ್ಲಿ. ಮಾವನವರ ಹತ್ತಿರ ಲೈಸೆನ್ಸ್ ಇರುವ ರಿವಾಲ್ವರ್ ಇದೆ. ಕಾರಲ್ಲಿ ಒಡವೆ ಇರುತ್ತೆ, ಸೊಂಟಕ್ಕೆ ಕಟ್ಕೊಂಡೇ ಬರ್ತೀನಿ, ಕಂಡೋರಿಗೆ ಕಾಣ್ಲಿ ಅಂತಾರೆ. 'ಅರಕಲಗೂಡು ದಾಟಿದ್ರೆ ಕೊಡಗಿನೋರು ಕೋವಿ ಹಿಡ್ಕೊಂಡು ಓಡಾಡಲ್ವಾ?' ಅನ್ನೋದು ಅವರ ವಾದ. ನನ್ನ ಗಂಡ ಬಾಯಿ ಬಿಡಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಲೈಸೆನ್ಸ್ ಪುಸ್ತಕ ತೆಗೆಸಿ ನೋಡಮ್ಮ. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಹಾಸನ ಜಿಲ್ಲೆ ಎಂದಷ್ಟೇ ಇದ್ದರೆ ತಮಿಳುನಾಡಿನ ಮಾತು ಆಮೇಲಿರಲಿ; ಚನ್ನರಾಯಪಟ್ಟಣ ಬಿಟ್ಟು ಹಿರೀಸಾವೆ ದಾಟಿ ಬೆಳ್ಳೂರು ಕ್ರಾಸ್ ಮುಟ್ಟುವಷ್ಟರಲ್ಲಿ ಮಂಡ್ಯ ಜಿಲ್ಲೆ ಬಂತು, ಲೈಸೆನ್ಸ್ ಹಿಂದೆ ಉಳಿಯಿತು. ಕರ್ನಾಟಕ ಎಂದಿದ್ದರೆ ಅತ್ತಿಬೆಲೆವರೆಗೆ. ಅಲ್ಲಿಂದಾಚೆ ಸಿಕ್ಕಿಬಿದ್ದರೆ ಮೊಕದ್ದಮೆಯೂ ಆಗಬಹುದು, ಲೈಸೆನ್ಸೂ ಹೋಗಬಹುದು. ಮದುವೆ ದಿನ ಹೆಣ್ಣಿನ ಅಪ್ಪ ಠಾಣೆಯಲ್ಲಿ ಕೂರೋದು ಬೇಕಾ?

ಇಡೀ ದೇಶಕ್ಕೆ ಲೈಸೆನ್ಸ್ ಇದ್ದರೂ 'ಕಂಡೋರಿಗೆ ಕಾಣ್ಲಿ' ಅನ್ನುವುದು ನಡೆಯುವುದಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್ ಚೀಲದಲ್ಲೋ ಒರೆಯಲ್ಲೋ ಪೂರ್ತಿ ಮುಚ್ಚಿಕೊಂಡಿರಬೇಕು. ಝಳಪಿಸುವಂತಿಲ್ಲ. ಖುಷಿಗೆಂದು ಗಾಳಿಯಲ್ಲಿ ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿ ಬಂದ ಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಕೊಡಗಿನವರ ಮಾತೇ ಬೇರೆ. ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುವ ಜನ ಅವರು. ಪಕ್ಕದ ಜಿಲ್ಲೆಯವರೆಂದು ಅವರ ವಿನಾಯಿತಿ ನಮಗೆ ಅಂಟುವುದಿಲ್ಲ.

ಹಾಗಂತ ಕಾನೂನು ಹೇಳಿ ಮಾವನವರ ಬಾಯಿ ಮುಚ್ಚಿಸಲು ಹೋಗಬೇಡಿ. ಸೊಸೆ ಪಾಠ ಹೇಳಿದಳೆಂದು ಇನ್ನಷ್ಟು ಬಿಗಿಯುತ್ತಾರೆ. ಪುಸ್ತಕ ತೋರಿಸುವುದು ಮಗನ ಕೆಲಸ. ಈ ಒಂದು ಸಲ ನಿಮ್ಮ ಯಜಮಾನರು ಬಾಯಿ ಬಿಡಲೇಬೇಕು. ನನಗೇನೋ ಮಾವನವರಿಗೆ ಗತ್ತಿಗಿಂತ ದಿಗಿಲೇ ಜಾಸ್ತಿ ಅನ್ನಿಸುತ್ತದೆ. ಮಗಳ ಒಡವೆ, ದೂರದ ದಾರಿ, ಗೊತ್ತಿಲ್ಲದ ಊರು. ರಾತ್ರಿ ಪ್ರಯಾಣ ಬೇಡ, ಬೆಳಗ್ಗೆಯೇ ಹೊರಡಿ. ಎರಡು ಕಾರು ಜೊತೆಗೇ ಹೋಗಲಿ.

ರಿವಾಲ್ವರನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಹೋಗುವುದೂ ಬೇಡ. ಹೊರಡುವ ಎರಡು ದಿನ ಮುಂಚೆ ಮಾವನವರೇ ಲೈಸೆನ್ಸ್ ಸಮೇತ ಠಾಣೆಗೆ ಹೋಗಿ, ಅಲ್ಲಿ ಒಪ್ಪಿಸಿಡಬಹುದೇ ಎಂದು ವಿಚಾರಿಸಲಿ. ಚುನಾವಣೆ ಬಂದಾಗ ಒಪ್ಪಿಸಿ ರಸೀದಿ ತಂದು ಅವರಿಗೆ ಅಭ್ಯಾಸವಿದ್ದೀತು. ಮಗನ ಕೈಲಿ ಕೊಟ್ಟು ಕಳಿಸಬಾರದು, ಲೈಸೆನ್ಸ್ ಅವರ ಹೆಸರಲ್ಲಿದೆ.

ಒಡವೆ ಡಬ್ಬ ಮಾತ್ರ ಅವರ ತೊಡೆ ಮೇಲೇ ಇರಲಿ. ಹೊಸೂರು ಮುಟ್ಟುವವರೆಗೂ ಬೇರೆ ಯಾರೂ ಅದನ್ನು ಕೇಳಬೇಡಿ.